ಉಗರಗೋಳದ ಜೀಪಿನ ಎಡಗಾಲಿ

ಹಾಜಿರಾಬಿ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತಾಗ ಅನ್ನಪೂರ್ಣಾ ನಟ್ಟುಗಳ ಡಬ್ಬಿ ಒರೆಸುತ್ತಿದ್ದಳು. ಹಾಜಿರಾಬಿಯ ಗಂಡ, ಮೆಕ್ಯಾನಿಕ್ ಬುಡನಸಾಬನನ್ನು ಪೊಲೀಸರು ಕರೆದೊಯ್ದು ಎರಡು ದಿನವಾಗಿತ್ತು.

"ದೇವಕ್ಕಾರ, ಕಳ್ಳ ಅನ್ನಾಕ ಹತ್ಯಾರ್ರಿ ಅವರನ್ನ," ಎಂದಳು. "ಕೈತಪ್ಪಿ ಆತು ಅಂದಿದ್ರ ತಡಕೊಂತಿದ್ದೆ. ಮೂವತ್ತು ವರ್ಷ ಗಾಡಿ ಬಿಚ್ಚಿದ ಮನಷ್ಯಾ. ಕಳ್ಳ ಅಂದ್ರ ಊರಾಗ ಹ್ಯಾಂಗ ತಲಿ ಎತ್ತೋದ್ರಿ?"

ದೇವಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಗಂಡ ತೀರಿದ ಮೇಲೆ ಬೈಲಹೊಂಗಲದ ಆ ಬಿಡಿಭಾಗಗಳ ಅಂಗಡಿಯನ್ನು ಒಬ್ಬಳೇ ನಡೆಸಿಕೊಂಡು ಬಂದವಳು. ಪೇಟೆಯಲ್ಲಿ ಏನಾದರೂ ಕಳುವಾದರೆ ಜನ ಠಾಣೆಗಿಂತ ಮೊದಲು ಅವಳ ಬಳಿ ಬರುತ್ತಿದ್ದರು. ಆರು ವರ್ಷದಿಂದ ಕೌಂಟರಿನ ಹಿಂದೆ ನಿಂತಿದ್ದ ಅನ್ನಪೂರ್ಣಾ ಅಂಥ ಎಷ್ಟೋ ಪ್ರಕರಣ ನೋಡಿದ್ದಳು. ಆದರೆ ಈ ಸಲ ಒಬ್ಬ ಮನುಷ್ಯ ಸತ್ತಿದ್ದ.

ಮಂಗಳವಾರ ಎಲ್ಲಮ್ಮನ ಗುಡ್ಡದಿಂದ ಉಗರಗೋಳದ ಕಡೆ ಇಳಿಯುತ್ತಿದ್ದ ಖಾಲಿ ಜೀಪಿನ ಮುಂದಿನ ಎಡಗಾಲಿ ಕಳಚಿ, ಜೀಪು ಬಂಡೆಗೆ ಬಡಿದಿತ್ತು. ಚಾಲಕ ಮುದಕಪ್ಪ ಅಲ್ಲೇ ಹೋದ. ಅದರ ಹಿಂದಿನ ಗುರುವಾರವಷ್ಟೇ ಬುಡನಸಾಬ ಆ ಜೀಪಿನ ಮುಂದಿನ ಎರಡೂ ಗಾಲಿಗಳ ನಡುವಿನ ಹಬ್ ಬಿಚ್ಚಿ, ಹೊಸ ಬೇರಿಂಗ್ ಕೂಡಿಸಿ ಕೊಟ್ಟಿದ್ದ. ಆದರೆ ಕಳಚಿದ ಗಾಲಿಯ ಅಚ್ಚಿನ ಮೇಲೆ ಪೊಲೀಸರಿಗೆ ಸಿಕ್ಕಿದ್ದು ಸುಟ್ಟು ನೀಲಿಗಟ್ಟಿದ ಹಳೇ ಬೇರಿಂಗು. ಜೀಪಿನ ಮಾಲೀಕ ಕಾಡಪ್ಪ, ಸಾಬ ಹಳೇದನ್ನೇ ಹಾಕಿ ಹೊಸದನ್ನು ನುಂಗಿದ್ದಾನೆಂದು ಬರೆಸಿದ್ದ.

"ಹೊಸಾ ಬೇರಿಂಗಿನ ಪೆಟ್ಟಿಗಿ ನಾನಽ ಕೊಟ್ಟಿದ್ದು," ಎಂದಳು ಅನ್ನಪೂರ್ಣಾ, ಮೆಲ್ಲಗೆ.

"ಸಾಬ ನಮ್ಮ ಟ್ರಂಕು ಒಯ್ದಿದ್ನಲ್ಲ?" ಎಂದು ದೇವಕ್ಕ ಕೇಳಿದಳು.

"ಒಯ್ದಿದ್ರು. ಸಂಜಿಗೆ ತಂದು ಕೊಟ್ರು."

ಆ ಟ್ರಂಕಿನಲ್ಲಿ ಹಬ್ ಕೆಲಸದ ಸಲಕರಣೆಗಳಿದ್ದವು: ಕೊಳವೆಯಂಥ ಎಂಟು ಮೂಲೆಯ ದೊಡ್ಡ ಪಾನಾ, ಹಬ್ಬಿನೊಳಗೆ ಬಿಗಿಯಾಗಿ ಕುಳಿತದ್ದನ್ನು ಹೊಡೆದು ಹೊರತೆಗೆಯುವ ಹಿತ್ತಾಳೆಯ ಗುಜ್ಜು, ಗಾಲಿ ಎಷ್ಟು ಬಿಗಿಯಾಗಿದೆ ಎಂದು ಎಳೆದು ನೋಡುವ ಕೊಕ್ಕೆಯ ತಕ್ಕಡಿ. ನಾಲ್ಕೂ ಗಾಲಿಗೆ ಬಲ ಹೋಗುವ ಮಿಲಿಟರಿ ಹರಾಜಿನ ಜೀಪುಗಳಿಗೆ ಆ ಪಾನಾ ಇಲ್ಲದೆ ಆಗದು. ಸುತ್ತಲಿನ ಮೆಕ್ಯಾನಿಕ್‌ಗಳಿಗೆಲ್ಲ ಇದ್ದದ್ದು ಅದೊಂದೇ. ಯಾರು ಒಯ್ದರೂ ತಮ್ಮ ಒಂದು ಚಪ್ಪಲಿಯನ್ನು ಅಂಗಡಿಯ ಮೊಳೆಗೆ ತೂಗುಹಾಕಿ ಹೋಗಬೇಕು. ಬರಿಗಾಲಲ್ಲಿ ಯಾರೂ ಬಹಳ ಹೊತ್ತು ಮರೆಯುವುದಿಲ್ಲ ಎಂಬುದು ದೇವಕ್ಕನ ಲೆಕ್ಕ.

"ಸಾಬ ತಂದು ಕೊಟ್ಟ ಮ್ಯಾಲೆ ಮೊಳಿಗೆ ಯಾರ ಚಪ್ಪಲಿ ಬಿತ್ತು?"

"ಯಾರದೂ ಇಲ್ಲ."

"ಬೀಗ ಹಾಕು, ಟ್ರಂಕು ತಗೊ," ಎಂದಳು ದೇವಕ್ಕ.

ಕಾಡಪ್ಪನ ಮನೆ ಉಗರಗೋಳದ ಅಂಚಿನಲ್ಲಿತ್ತು. ಒಡೆದ ಜೀಪನ್ನು ಎಳೆದು ತಂದು ಅಂಗಳದಲ್ಲೇ ನಿಲ್ಲಿಸಿದ್ದರು. ಪಕ್ಕದಲ್ಲಿ ಅದೇ ಹರಾಜಿನಲ್ಲಿ ಕೊಂಡ ಇನ್ನೊಂದು ಜೀಪು. ಕಾಡಪ್ಪನ ಮಗಳು ಐಶ್ವರ್ಯಾ ಅದರಲ್ಲೇ ಸವದತ್ತಿಯ ಕಾಲೇಜಿಗೆ ಹೋಗಿಬರುತ್ತಿದ್ದಳು. ಕಾವಲಿಗಿದ್ದ ಪೇದೆ ದೇವಕ್ಕನ ಗುರುತಿನವನೇ.

"ನೋಡ್ರಿ ನೋಡ್ರಿ," ಎಂದ ಕಾಡಪ್ಪ ಕಟ್ಟೆಯ ಮೇಲಿಂದ. "ಸಾಮಾನು ಮಾರಾಕಿ ಸತ್ತ ಗಾಡಿ ಮಾತಾಡಸಾಕ ಬಂದಾಳ."

"ಬದುಕಿದವರು ಸುಳ್ಳು ಹೇಳತಾರ್ರಿ, ಕಾಡಪ್ಪನವರ," ಎಂದು ದೇವಕ್ಕ ಗಾಲಿಯ ಬಳಿ ಕುಕ್ಕರಗಾಲಲ್ಲಿ ಕುಳಿತಳು.

ಅಚ್ಚಿನ ತುದಿಯ ನಟ್ಟಿನ ಮೂಲೆಗಳೆಲ್ಲ ಜಜ್ಜಿಹೋಗಿದ್ದವು. ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದು ತಿರುಗಿಸಿದ ಹೊಸ ಗಾಯಗಳು ಇನ್ನೂ ಹೊಳೆಯುತ್ತಿದ್ದವು. ಕಳಚಿದ ಗಾಲಿಯ ಹಬ್ಬಿನ ಮುಚ್ಚಳದ ಕೆಳಗೆ ಗ್ರೀಸು ಸೋರದಂತೆ ಇಟ್ಟಿದ್ದ ರಟ್ಟಿನ ಗ್ಯಾಸ್ಕೆಟ್ಟನ್ನು ಅನ್ನಪೂರ್ಣಾ ಬಿಡಿಸಿ ಬೆಳಕಿಗೆ ಹಿಡಿದಳು. ಅಂಚು ಕತ್ತರಿಯಲ್ಲಿ ಕತ್ತರಿಸಿದ್ದು. ಗ್ರೀಸಿನ ಅಡಿಯಲ್ಲಿ ಅಚ್ಚಾದ ಮಗ್ಗಿಯ ಸಾಲುಗಳು ಕಾಣುತ್ತಿದ್ದವು. ಶಾಲೆಯ ನೋಟ್‌ಬುಕ್ಕಿನ ಹಿಂದಿನ ರಟ್ಟು. ದೇವಕ್ಕ ಬಲಗಾಲಿಯನ್ನು ಎತ್ತಿಸಿ, ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದಳು. ಗಾಲಿ ಹಗುರಾಗಿ, ಒಂದೇ ಸಮನೆ ತಿರುಗಿತು.

ಏಳುವಾಗ ಅನ್ನಪೂರ್ಣಾಳ ಕಣ್ಣು ಇನ್ನೊಂದು ಜೀಪಿನ ಮೇಲೆ ಬಿತ್ತು. ಮೂರು ಗಾಲಿಗಳ ಬೋಲ್ಟು ಕೆಂಪು ಧೂಳು ಹಿಡಿದಿದ್ದವು. ಮುಂದಿನ ಎಡಗಾಲಿಯವು ಮಾತ್ರ ಸ್ವಚ್ಛವಾಗಿದ್ದವು. ಅವಳು ದೇವಕ್ಕನ ಸೆರಗು ಜಗ್ಗಿ ತೋರಿಸಿದಳು.

ಮರುದಿನ ಮುಂಜಾನೆ ಎಲ್ಲರೂ ಅದೇ ಅಂಗಳದಲ್ಲಿ ಸೇರಿದರು. ದೇವಕ್ಕ ಹೇಳಿಕಳಿಸಿದ್ದರಿಂದ ಠಾಣೆಯ ಫೌಜದಾರರು ಬುಡನಸಾಬನನ್ನು ಕರೆತಂದಿದ್ದರು, ಹಾಜಿರಾಬಿಯೂ ಬಂದಿದ್ದಳು. ಮುದಕಪ್ಪನ ಹೆಂಡತಿ ರಾಯವ್ವ ಗೋಡೆಗೆ ಒರಗಿ ಕುಳಿತಿದ್ದಳು. ಐಶ್ವರ್ಯಾ ಬಾಗಿಲಲ್ಲಿ ನಿಂತಿದ್ದಳು.

"ಬೇರಿಂಗ್ ಅಂದ್ರ ಎರಡು ಭಾಗರೀ, ಸಾಹೇಬ್ರ," ಎಂದು ದೇವಕ್ಕ ಆರಂಭಿಸಿದಳು. "ಒಳಗ ಉರುಳಿ, ಹೊರಗ ಬಟ್ಟಲ. ಸುಟ್ಟಿದ್ದು ಉರುಳಿ. ಅದು ಹಳೇದು, ಖರೆ. ಆದ್ರ ಹಬ್ಬಿನಾಗ ಬಿಗಿಯಾಗಿ ಕುಂತ ಬಟ್ಟಲದ ನಂಬರ ಯಾರೂ ಓದಲಿಲ್ಲ. ಅನ್ನಪೂರ್ಣಾ, ಓದು."

ಅನ್ನಪೂರ್ಣಾ ತಗ್ಗಿದ ದನಿಯಲ್ಲಿ ಓದಿದಳು. ಅದು ಅವಳೇ ಕೊಟ್ಟ ಪೆಟ್ಟಿಗೆಯ ಮೇಲಿದ್ದ ನಂಬರು. ಕಂಪನಿಯೂ ಅದೇ.

"ಬೇರಿಂಗ್ ಕದಿಯೋ ಮೆಕ್ಯಾನಿಕ್ ಎರಡನೂ ಕದೀತಾನ. ಹೊಸಾ ಬಟ್ಟಲದಾಗ ಹಳೇ ಉರುಳಿ ಇಟ್ಟರ ನಾಕು ದಿನದಾಗ ಒಂದಕ್ಕೊಂದು ತಿಂತಾವು ಅನ್ನೋದು ಸಾಬನ ಗ್ಯಾರೇಜಿನ ಕಸಾ ಹೊಡಿಯಾಕಿಗೂ ಗೊತ್ತು. ಇದನ್ನ ಮಾಡಿದಂವಗ ಬಟ್ಟಲ ತಗಿಯಾಕ ಬರಲಿಲ್ಲ. ಹಿತ್ತಾಳಿ ಗುಜ್ಜು ಇರಲಿಲ್ಲ. ಪಾನಾನೂ ಇರಲಿಲ್ಲ, ಉಳಿಲೆ ಹೊಡದಾನ. ಸಾಬನ ಹತ್ರ ಗುರುವಾರ ನನ್ನ ಪಾನಾ ಇತ್ತು, ಅವನ ಚಪ್ಪಲಿ ನನ್ನ ಮೊಳಿಗಿತ್ತು. ಉಳಿ ಯಾಕ ಹಿಡೀತಾನ?"

"ಹೊತ್ತಾಗಿತ್ತು, ಹಿಡದಾನ," ಎಂದ ಕಾಡಪ್ಪ.

"ಬಲಗಾಲಿಗೆ ಯಾಕ ಹಿಡೀಲಿಲ್ಲ? ಅದರ ನಟ್ಟಿಗೆ ಒಂದು ಗೀರಿಲ್ಲ. ತಕ್ಕಡಿ ಹಚ್ಚಿ ನೋಡೇನಿ. ಇನ್ನ ಈ ರಟ್ಟು. ಮೆಕ್ಯಾನಿಕ್ ರಟ್ಟನ್ನ ಹಬ್ಬಿನ ಮ್ಯಾಲಿಟ್ಟು ಸುತ್ತಿಗಿಲೆ ತಟ್ಟಿ ಅಂಚು ಹರೀತಾನ. ಇದು ಕತ್ತರಿಲೆ ಕತ್ತರಿಸಿದ್ದು. ಸಾಬ ಮಾಡಿ ಕೊಟ್ಟ ಮ್ಯಾಲೆ ಗಾಲಿ ಮತ್ತೊಮ್ಮೆ ಬಿಚ್ಚ್ಯಾರ, ಗ್ಯಾರೇಜಿನಾಗ ಅಲ್ಲ, ಮನಿಯಾಗ. ಹೊಸಾ ಉರುಳಿ ಎಲ್ಲಿ ಹೋತು ಅನ್ನೋದಷ್ಟ ಉಳೀತು."

ಅವಳು ಐಶ್ವರ್ಯಾಳ ಜೀಪಿನ ಕಡೆ ನಡೆದಳು.

"ಅದಕ್ಕೇನಾಗೈತಿ? ಅದನ್ಯಾಕ ಮುಟ್ಟತಿ?" ಎಂದು ಕಾಡಪ್ಪ ಕಟ್ಟೆ ಇಳಿದ. ಫೌಜದಾರರು ಕೈ ಅಡ್ಡ ಹಿಡಿದರು.

ಅನ್ನಪೂರ್ಣಾ ಟ್ರಂಕು ತೆರೆದಳು. ಪಾನಾ ತಿರುಗಿಸುವಷ್ಟು ಬಲ ದೇವಕ್ಕನ ತೋಳಿಗಿರಲಿಲ್ಲ, ಹಾಗಾಗಿ ಅನ್ನಪೂರ್ಣಾಳೇ ಮುಚ್ಚಳ ಕಳಚಿ, ನಟ್ಟು ಸಡಿಲಾಗದಂತೆ ಮಡಿಚಿದ್ದ ವಾಶರಿನ ಕಿವಿ ಎಬ್ಬಿಸಿ, ಪಾನಾ ಇಟ್ಟು ತಿರುಗಿಸಿದಳು. ಇಲ್ಲಿನ ನಟ್ಟಿಗೂ ಉಳಿಯ ಗಾಯಗಳಿದ್ದವು. ಹೊರಬಂದ ಉರುಳೆ ಹೊಚ್ಚಹೊಸದು. ಅದರ ನಂಬರನ್ನು ಅವಳು ಎಲ್ಲರಿಗೂ ಕೇಳುವಂತೆ ಓದಿದಳು; ಅದೂ ಅವಳೇ ಕೊಟ್ಟ ಪೆಟ್ಟಿಗೆಯದೇ. ಆ ಹಬ್ಬಿನ ಬಟ್ಟಲು ಮಾತ್ರ ಸಣ್ಣ ಸಣ್ಣ ಗುಳಿ ಬಿದ್ದ ಹಳೇದು.

"ಮಗಳ ಜೀಪು ಸಪ್ಪಳ ಮಾಡತಿತ್ತು," ಎಂದಳು ದೇವಕ್ಕ. "ಮಗಳಿಗೆ ಹೊಸಾದು, ಡ್ರೈವರಗ ಹಳೇದು. ಇದೂ ನಾಕು ದಿನದಾಗ ಬೀಳತಿತ್ತು, ಕಾಡಪ್ಪನವರ. ನಿಮಗ ಅಷ್ಟೂ ತಿಳೀಲಿಲ್ಲ."

ಕಾಡಪ್ಪ ಮಗಳತ್ತ ನೋಡಲಿಲ್ಲ. "ನಾ ಮುಟ್ಟಿಲ್ಲರಿ, ಸಾಹೇಬ್ರ. ಮುದಕಪ್ಪಂದಽ ಕೈ. ಅಂವನಽ ಬದಲಿ ಮಾಡಿರಬೇಕು. ನನಗೇನ ಗೊತ್ತು?"

"ಆ ರಟ್ಟು ನಂದು," ಎಂದಳು ಐಶ್ವರ್ಯಾ. ಎಲ್ಲರೂ ತಿರುಗಿದರು. "ಆಯಿತವಾರ ಮುದಕಪ್ಪಣ್ಣ ದಪ್ಪ ಕಾಗದ ಕೇಳಿದ. ನೋಟ್‌ಬುಕ್ಕು ಹರದು, ಕತ್ತರಿ ನಾನಽ ಕೊಟ್ಟೆ. ಅಂವ ಬ್ಯಾಡ್ರಿ ಅಂತಿದ್ದ, ಅಪ್ಪಾ. ಆಗ ನಾನೂ ಅಲ್ಲೇ ಇದ್ದೆ. ಗುಡ್ಡಕ್ಕ ನಿಧಾನ ಹೋಗತಿ, ಏನಾಗೂದಿಲ್ಲ ಅಂದಿ ನೀನು."

ಫೌಜದಾರರು ಬರೆದುಕೊಂಡರು. ಕಾಡಪ್ಪ ಮತ್ತೆ ಕಟ್ಟೆಯ ಮೇಲೆ ಕುಳಿತ. ಹಾಜಿರಾಬಿ ಗಂಡನ ತೋಳು ಹಿಡಿದು ಸದ್ದಿಲ್ಲದೆ ಅಳತೊಡಗಿದಳು.

ಆಗ ರಾಯವ್ವ ಕೇಳಿದಳು. "ಹಂಗಾರ ಅದನ್ನ ಜೋಡಿಸಿದ್ದು ನನ್ನ ಗಂಡನಽ ಏನ್ರಿ?"

"ಹೌದವ್ವಾ. ಮಾಲಕ ಹೇಳಿದ್ದಕ್ಕ," ಎಂದಳು ದೇವಕ್ಕ.

"ಮಂಗಳವಾರ ಮುಂಜಾನೆ ಅಂದಿದ್ದ, ಗಾಲಿ ಸಪ್ಪಳ ಬರಾಕ ಹತ್ತೈತಿ, ಇವತ್ತ ಬ್ಯಾಡ ಅಂತ." ರಾಯವ್ವ ಯಾರನ್ನೂ ನೋಡುತ್ತಿರಲಿಲ್ಲ. "ಕೆಲಸಾ ಬಿಡಿಸ್ತಾರ, ಹೋಗು ಅಂತ ನಾನಽ ಕಳಿಸಿದೆ."

ದೇವಕ್ಕ ಹೋಗಿ ಅವಳ ಪಕ್ಕದಲ್ಲಿ ಕುಳಿತಳು.

ಮಧ್ಯಾಹ್ನ ಬುಡನಸಾಬನನ್ನು ಬಿಟ್ಟರು. ಕಾಡಪ್ಪನ ಮೇಲೆ ಮೊಕದ್ದಮೆ ಹೂಡಿದರು. ಆದರೆ ಆ ಕಾಗದದಲ್ಲಿ ಎರಡು ಹೆಸರಿದ್ದವು. ಹಬ್ ತಪ್ಪಾಗಿ ಜೋಡಿಸಿದವನೆಂದು ಮುದಕಪ್ಪನ ಹೆಸರನ್ನೂ ಬರೆದಿದ್ದರು. ತಪ್ಪು ಅವನದೂ ಇದೆಯೆಂದ ಮೇಲೆ ಹೆಂಡತಿಗೆ ಪರಿಹಾರ ಸಿಗುವುದು ಕಷ್ಟ ಎಂದು ಕಾಡಪ್ಪನ ವಕೀಲ ಆಗಲೇ ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ಮರುದಿನ ಬುಡನಸಾಬ ಅಂಗಡಿಗೆ ಬಂದ. ದೇವಕ್ಕ ಚಹಾ ತರಿಸಿದಳು. ಅವನು ಲೋಟ ಮುಟ್ಟಲಿಲ್ಲ.

"ಮುದಕಪ್ಪನ ಹೆಸರು ಎತ್ತದಽ ನನ್ನ ಬಿಡಿಸಾಕ ಆಗತಿರಲಿಲ್ಲೇನ್ರಿ, ದೇವಕ್ಕಾರ?"

"ಆಗತಿರಲಿಲ್ಲ," ಎಂದಳು ದೇವಕ್ಕ. "ನೀ ಮಾಡಿಲ್ಲ ಅನ್ನಾಕ, ಮೆಕ್ಯಾನಿಕ್ ಅಲ್ಲದಂವ ಮಾಡ್ಯಾನ ಅಂತ ತೋರಸಬೇಕಿತ್ತು. ತೋರಿಸಿದೆ."

ಬುಡನಸಾಬ ತಲೆಯಾಡಿಸಿದ. ಹೊರಗೆ ಬಿಸಿಲಲ್ಲಿ ನಿಂತಿದ್ದ ಹಾಜಿರಾಬಿಯನ್ನು ಅನ್ನಪೂರ್ಣಾ ಒಳಗೆ ಕರೆದಳು. ಅವಳು ಬರಲಿಲ್ಲ. ಉಗರಗೋಳದ ಬಸ್ಸು ಎಷ್ಟು ಹೊತ್ತಿಗಿದೆ, ರಾಯವ್ವನ ಮನೆಗೆ ಹೋದರೆ ಅವಳು ಬಾಗಿಲು ತೆಗೆಯುತ್ತಾಳೋ ಇಲ್ಲವೋ, ಎಂದಷ್ಟೇ ಕೇಳಿದಳು.