ಅಮಾವಾಸ್ಯೆಯ ಲಾಳಿ

ನಾವು ನಾರಾಯಣಪೇಟೆಯಲ್ಲಿ ಬಾಡಿಗೆಗಿರುವ ಹಳೇ ಮನೆಯನ್ನು ಯಾರಾದರೂ ದೆವ್ವದ ಮನೆ ಅಂದರೆ ನನಗೆ ಸಿಟ್ಟು ಬರುತ್ತದೆ. ಪಾತ್ರೆಗಳು ತಾವಾಗಿ ಉರುಳುವುದು, ಮುಚ್ಚಿದ ಗಡಿಗೆ ತೆರೆದಿರುವುದು ಎಲ್ಲಾ ನಿಜ. ಮನೆಯೊಡತಿ ಬಸವೇಶ್ವರಿ ಮೊದಲೇ ಹೇಳಿದ್ದರು: "ನಮ್ಮತ್ತಿ ತೀರಿಕೊಂಡು ಎಂಟು ವರ್ಷ ಆತು, ಇನ್ನೂ ಅಡ್ಡಾಡ್ತಾರ. ಅಮಾಸಿ ದಿನ ಮಾತ್ರ ಮಗ್ಗಕ್ಕ ಕುಂದ್ರಬ್ಯಾಡವ್ವ. ಅವತ್ತು ಮಗ್ಗ ಅವರದು."

ಅಮಾವಾಸ್ಯೆಗೆ ನೇಕಾರರು ಮಗ್ಗ ಮುಟ್ಟುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೂ ಹೋದ ವರ್ಷ ಮದುವೆ ಸೀರೆಯೊಂದರ ಅವಸರಕ್ಕೆ ಅವತ್ತೇ ಹಾಡುಹಗಲಲ್ಲಿ ಕುಳಿತೆ.

ನಮ್ಮದು ಕುಣಿ ಮಗ್ಗ. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯಬೇಕು. ಕಾಲು ಇಳಿಸುವ ಮೊದಲೇ, ಅಡ್ಡನೂಲು ಹೊತ್ತು ಓಡುವ ಲಾಳಿ ತಾನಾಗಿ ಹಾರಿಹೋಗಿ ಬಾಗಿಲಿಗೆ ಬಡಿಯಿತು. ಎತ್ತಿಕೊಂಡರೆ, ಆ ಬಿಸಿಲಲ್ಲೂ ಬಾವಿಯ ನೀರಿನಷ್ಟು ತಣ್ಣಗಿತ್ತು. ತಂದಿಟ್ಟೆ; ಮತ್ತೆ ಹಾರಿತು.

"ಏನ್ ಬೇಕ್ರಿ ನಿಮಗ?" ಎಂದು ರೇಗಿದೆ.

ಕುಣಿಯೊಳಗಿಂದ ಬುಸ್ ಎಂಬ ಸದ್ದು ಬಂತು. ಬಗ್ಗಿ ನೋಡಿದರೆ, ನಾನು ತುಳಿಯುವ ಹಲಗೆಯ ಮೇಲೆ ನಾಗರಹಾವು ಸುತ್ತಿಕೊಂಡಿತ್ತು. ಹಾವು ಹಿಡಿಯುವ ಆಶಪ್ಪ ಬಂದು ಒಯ್ದ.

ಅಂದಿನಿಂದ ಪ್ರತಿ ಅಮಾವಾಸ್ಯೆ ಬೆಳಿಗ್ಗೆ ನೂಲು ತುಂಬಿದ ಕಂಡಿಕೆಯ ಕೊಳವೆಯನ್ನು ಲಾಳಿಗೆ ಹಾಕಿ ಮಗ್ಗದ ಮೇಲಿಡುತ್ತೇನೆ. "ನಿಮ್ಮಿಂದ ಜೀವ ಉಳೀತ್ರಿ ಅತ್ತಿ, ಆರಾಮಾಗಿ ನೇಯ್ರಿ" ಎಂದು ಕೈಮುಗಿದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತೇನೆ. ದಿನವಿಡೀ ಒಳಗೆ ಮಗ್ಗದ ಸದ್ದು ಕೇಳುತ್ತಲೇ ಇರುತ್ತದೆ.

ಸಂಜೆ ಬಾಗಿಲು ತೆಗೆದರೆ ಕಂಡಿಕೆಯಲ್ಲಿ ಒಂದೆಳೆ ನೂಲೂ ಇರುವುದಿಲ್ಲ. ನನ್ನ ಸೀರೆ ಮಾತ್ರ ನಾನು ನೇಯ್ದು ಬಿಟ್ಟಷ್ಟೇ ಇರುತ್ತದೆ; ಅವರು ನೇಯ್ದದ್ದು ಎಲ್ಲಿ ಹೋಗುತ್ತದೋ ಗೊತ್ತಿಲ್ಲ.