ಅಂಚು ಬಿಡಿಸದ ಹಾಳೆಗಳು

"ಮೇಡಂ, ನಕ್ಷೆ ಇಲ್ಲ!"

ಸಂಶೋಧನಾ ವಿದ್ಯಾರ್ಥಿನಿಯ ಕೂಗಿಗೆ ವಿಶ್ವವಿದ್ಯಾಲಯದ ಗ್ರಂಥಾಲಯವೇ ಬೆಚ್ಚಿಬಿತ್ತು. ಗ್ರಂಥಪಾಲಕಿ ಸ್ಕ್ಯಾನರ್ ಬಿಟ್ಟು ಓಡಿಬಂದಳು. ಹಳೆಯ ಪುಸ್ತಕ ಮೇಜಿನ ಮೇಲೆ ಬಾಯಿ ತೆರೆದು ಬಿದ್ದಿತ್ತು. ನದಿಯ ನಕ್ಷೆಯಿದ್ದ ಹಾಳೆಯನ್ನು ಯಾರೋ ಬುಡದಲ್ಲೇ ಕೊಯ್ದಿದ್ದರು. ಪಕ್ಕದಲ್ಲೇ, ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್‌ನ ಚಾಕು.

ಹಿಂದೆ ನದಿ ಊರಿನ ಪಶ್ಚಿಮಕ್ಕೆ ಹರಿಯುತ್ತಿತ್ತು ಎಂಬುದೇ ಹುಡುಗಿಯ ಪ್ರಬಂಧದ ಜೀವಾಳ. ಗಟ್ಟಿ ಸಾಕ್ಷಿ ಸಿಕ್ಕಿದ್ದು ನಿನ್ನೆ ಸಂಜೆ, ಈ ನಕ್ಷೆಯಲ್ಲಿ. ಇಂದು ಮಧ್ಯಾಹ್ನ ಸಮಿತಿಯ ಮುಂದೆ ಅದನ್ನು ತೋರಿಸದಿದ್ದರೆ ವರ್ಷಗಟ್ಟಲೆಯ ದುಡಿಮೆ ನೀರಿನಲ್ಲಿ ಹೋಮ. ಅಷ್ಟರೊಳಗೆ ಅದನ್ನು ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ಪುಕ್ಕಟೆ ನೋಡುವಂತೆ ಗ್ರಂಥಾಲಯದ ಜಾಲತಾಣಕ್ಕೆ ಏರಿಸಬೇಕಿತ್ತು.

* * *

"ಅಕ್ಕಾ, ಚಾಕು ನಂದೇ. ಆದ್ರೆ ನಾನಲ್ಲ! ಟೀ ಕುಡಿಯೋಕೆ ಹೋಗುವಾಗ ಇಲ್ಲೇ ಬಿಟ್ಟಿದ್ದೆ," ಬೈಂಡರ್ ಅಳುವುದೊಂದೇ ಬಾಕಿ.

ಗ್ರಂಥಪಾಲಕಿ ಕೊಯ್ದ ಗುರುತಿನ ಮೇಲೆ ಬೆರಳಾಡಿಸಿದಳು. ಪೂರಾ ಅಂಕುಡೊಂಕು. ಇವನೋ, ಸ್ಕೇಲ್ ಇಡದೆ ದಾರವನ್ನೂ ಕತ್ತರಿಸುವವನಲ್ಲ.

"ನಿನ್ನ ಕೈಕೆಲಸ ನಂಗೊತ್ತಿಲ್ವೇನೋ? ಸುಮ್ನಿರು."

ಆಗ ಚೀಲ ಅವುಚಿಕೊಂಡು ನದಿ ಮೇಷ್ಟ್ರು ಬಂದರು. ನದಿ ಪೂರ್ವಕ್ಕೆ ಹರಿಯುತ್ತಿತ್ತೆಂದು ದಪ್ಪ ಪುಸ್ತಕ ಬರೆದು ಹೆಸರು ಮಾಡಿದವರು. ಸಮಿತಿಗೂ ಅವರೇ ಅಧ್ಯಕ್ಷರು.

"ಕಳ್ಳತನ ಎಲ್ಲಿಂದ ಬಂತಮ್ಮ? ನಾನು ಓದ್ತಿದ್ದಾಗ್ಲೇ ಈ ಪುಸ್ತಕ ನೋಡಿದ್ದೀನಿ. ಆ ಹಾಳೆ ಆಗ್ಲೇ ಇರ್ಲಿಲ್ಲ. ಈ ಹುಡುಗಿ ಕತೆ ಕಟ್ತಿದ್ದಾಳೆ."

"ಪುಟ ಪುಟಾನೂ ನೋಡಿದ್ರಾ ಸರ್?"

"ಈ ಕೈಯಾರೆ ತಿರುವಿದ್ದೀನಿ!"

ಗ್ರಂಥಪಾಲಕಿ ಪುಸ್ತಕವನ್ನು ಅವರ ಮುಂದೆ ಸರಿಸಿದಳು.

* * *

"ಹಾಗಾದ್ರೆ ಇದರ ಮುಂದಿನ ಪುಟಗಳನ್ನೂ ತಿರುವಿ ಸರ್."

ಮೇಷ್ಟ್ರ ಬೆರಳು ತಡವರಿಸಿತು. ಒಂದೊಂದು ಜೋಡಿ ಹಾಳೆಯೂ ಹೊರಅಂಚಿನಲ್ಲಿ ಅಂಟಿದ ಹಾಗಿತ್ತು.

"ಅಂಟಿಲ್ಲ ಸರ್, ಮಡಿಕೆ. ಆಗೆಲ್ಲ ದೊಡ್ಡ ಕಾಗದ ಮಡಚಿ ಹಾಗೇ ಹೊಲೀತಿದ್ರು. ಓದೋರೇ ಅಂಚು ಸೀಳ್ಕೋಬೇಕು. ಈ ಪುಸ್ತಕದ ಕೊನೇ ಭಾಗ ಯಾರೂ ಓದೇ ಇಲ್ಲ. ನಕ್ಷೆಯ ಮಡಿಕೆಯನ್ನ ನಿನ್ನೆ ಇವಳ ಮುಂದೆ ಸೀಳಿದ್ದು ನಾನೇ. ನೋಡಿ, ಆ ಜೋಡಿಯಲ್ಲಿ ಉಳಿದ ಹಾಳೆಯ ಸೀಳಿದ ಅಂಚು ಇನ್ನೂ ಬೆಳ್ಳಗಿದೆ. ನಿನ್ನೆವರೆಗೂ ಮುಚ್ಚಿದ್ದ ಮಡಿಕೆಯೊಳಗೆ ಹಾಳೆ ಇರ್ಲಿಲ್ಲ ಅಂತ ನೀವು ಆಗ ಹೇಗೆ ನೋಡಿದ್ರಿ?"

ಗ್ರಂಥಪಾಲಕಿ ಹುಡುಗಿಯತ್ತ ತಿರುಗಿದಳು.

"ನಕ್ಷೆ ಸಿಕ್ಕಿದ್ದನ್ನ ಯಾರಿಗೆ ಹೇಳಿದ್ದೆಯಮ್ಮ?"

"ಸರ್‌ಗೆ ಮಾತ್ರ," ಹುಡುಗಿ ಪಿಸುಗುಟ್ಟಿದಳು. "ಖುಷಿ ತಡೀಲಾರದೆ ಫೋನ್ ಮಾಡಿದ್ದೆ."

"ಅಂದ್ರೆ, ಸರ್ ಬೆಳಿಗ್ಗೆ ಬಂದ್ರು. ನಾವು ಗುರುತಿಗೆ ಇಟ್ಟ ಚೀಟಿ ಇದ್ದಲ್ಲಿ ನೇರವಾಗಿ ತೆರೆದು, ಕಣ್ಣಿಗೆ ಬಿದ್ದ ಚಾಕುವಿನಲ್ಲಿ ಕೊಯ್ದ್ರು. ಉಳಿದ ಪುಟ ನೋಡೋಕೆ ಪುರುಸೊತ್ತೆಲ್ಲಿ?"

ಮೇಷ್ಟ್ರು ಚೀಲ ಬಿಚ್ಚಿದರು. ಎರಡು ರಟ್ಟುಗಳ ನಡುವೆ ನಕ್ಷೆ ಜೋಪಾನವಾಗಿತ್ತು.

"ಸುಟ್ಟು ಹಾಕೋಣ ಅಂತಾನೇ ತಗೊಂಡೆ. ಕೈ ಬರ್ಲಿಲ್ಲ."

"ಸುಡದೆ ಉಳಿಸಿದ್ದಕ್ಕೇ ನಿಮಗೆ ಕುರ್ಚಿ ಕೊಡ್ತಿರೋದು. ಕೂತ್ಕೊಳ್ಳಿ. ಕುಲಪತಿಗಳಿಗೆ ಹೇಳಿ ಕಳಿಸ್ತೀನಿ."

ಸ್ಕ್ಯಾನರ್‌ನ ಬೆಳಕು ಹಾಳೆಯುದ್ದಕ್ಕೂ ಹರಿಯಿತು. ಪರದೆಯ ಮೇಲೆ ನದಿ ಮೂಡಿತು, ಊರಿನ ಪಶ್ಚಿಮಕ್ಕೇ. ಗ್ರಂಥಪಾಲಕಿ ಗುಂಡಿ ಒತ್ತಿದಳು; ನಕ್ಷೆ ಜಾಲತಾಣಕ್ಕೆ ಏರಿತು.

"ಇನ್ನು ಯಾರು ಬೇಕಾದ್ರೂ ಕೊಯ್ಲಿ," ಎಂದಳು. "ಓಡೇ ಹುಡುಗಿ, ಸಮಿತಿಯ ಉಳಿದವರು ಕಾಯ್ತಿದ್ದಾರೆ!"

ಹುಡುಗಿ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಓಡಿದಳು.