ಸುಲಿಯುವ ಕೋಣೆಯ ಬೀಗ

"ಇವತ್ತು ಧಣಿಗಳ ಎದುರು ನೀನು ಬಾಯಿ ಬಿಟ್ಟರೆ ತಿರುಗಿ ಈ ಮನೆಯ ಮೆಟ್ಟಿಲು ಹತ್ತಬೇಡ!" ಜೆರ್ಟ್ರೂಡ್‌ಬಾಯಿ ಸೊಸೆಯ ಮುಂದಿನ ಗಂಜಿಯ ಬಟ್ಟಲನ್ನು ಎಳೆದುಕೊಂಡರು. "ನನ್ನ ಮಗನ ಅನ್ನಕ್ಕೆ ಕಲ್ಲು ಹಾಕುವವಳಿಗೆ ಗಂಜಿ ಎಂತಕ್ಕೆ?"

ಡುಲ್ಸಿನ್ ಎಂಜಲುಗೈಯಲ್ಲೇ ಕುಳಿತಳು. ಎದುರಿಗಿದ್ದ ಗಂಡ ಲಿಯೋನೆಲ್ ತಲೆ ಎತ್ತಲಿಲ್ಲ. ಒಂದು ಮಾತು, ಒಂದೇ ಒಂದು ಮಾತು ಆಡಬಾರದೇ ಈ ಮನುಷ್ಯ...!

ಕಾರ್ಕಳದ ಆ ಗೋಡಂಬಿ ಕಾರ್ಖಾನೆಯ ಕಂಪೌಂಡಿನೊಳಗೇ ಅವರ ಮನೆ. ಸೂಪರ್‌ವೈಸರ್ ಲಿಯೋನೆಲ್‌ಗೆ ಧಣಿಗಳು ಇರಲು ಕೊಟ್ಟದ್ದು. ಡುಲ್ಸಿನ್ ಅಲ್ಲಿಯೇ ಬೀಜದ ಸಿಪ್ಪೆ ಸುಲಿಯುವವಳು. ೨೦೦೨ರಲ್ಲಿ ಯೂನಿಯನ್ನಿನ ಹೆಂಗಸರು ಒತ್ತಾಯ ಮಾಡಿ ಅವಳನ್ನು ಸುರಕ್ಷತಾ ಪ್ರತಿನಿಧಿಯಾಗಿ ಆರಿಸಿದ್ದರು. ಸುಲಿದ ಬೀಜ ಸೆರಗಿನಲ್ಲಿ ಹೊರಗೆ ಹೋಗಬಾರದೆಂದು, ಹೆಂಗಸರು ಒಳಗೆ ಕುಳಿತ ಮೇಲೆ ಸುಲಿಯುವ ಕೋಣೆಗೆ ಹೊರಗಿನಿಂದ ಬೀಗ! ಕೀಲಿ ಸೂಪರ್‌ವೈಸರನ ಜೇಬಿನಲ್ಲಿ. ಕಳ್ಳರನ್ನು ಕೂಡಿಹಾಕುವ ರೀತಿ ಅದು. ಆದರೂ ಎಷ್ಟೋ ವರ್ಷ ಯಾರೂ ತುಟಿಪಿಟಕ್ಕೆನ್ನಲಿಲ್ಲ.

ಕಳೆದ ತಿಂಗಳು ಧಣಿಗಳ ಮನೆಗೆ ನೆಂಟರು ಬಂದರು. ಅಂಜಲ್ ಮೀನು ತರಲು ಲಿಯೋನೆಲ್ ಬೈಕು ಹತ್ತಿ ಮಲ್ಪೆಗೆ ಹೋದ, ಕೀಲಿ ಜೇಬಿನಲ್ಲಿಟ್ಟುಕೊಂಡೇ! ಅತ್ತ ಅವನು ಮೀನಿಗೆ ಚೌಕಾಶಿ ಮಾಡುತ್ತಿದ್ದಾಗ ಇತ್ತ ಪಕ್ಕದ ಒಣಗಿಸುವ ಒಲೆಯ ಹೊಗೆ ಕೋಣೆಗೆ ನುಗ್ಗಿತು. ಡುಲ್ಸಿನ್ ಸೇರಿ ಒಳಗಿದ್ದವರೆಲ್ಲ ಬಾಗಿಲು ಬಡಿದರು, ಕಿರುಚಿದರು... ಕೊನೆಗೆ ಬಾಗಲಕೋಟೆ ಕಡೆಯ ಲಕ್ಕವ್ವ ಬರಿಗೈಯಲ್ಲಿ ಕಿಟಕಿಯ ಗಾಜು ಒಡೆದಳು. ಎಲ್ಲರಿಗೂ ಉಸಿರು ಸಿಕ್ಕಿತು. ಗಾಜು ಕೊಯ್ದ ಲಕ್ಕವ್ವನ ಬೆರಳುಗಳನ್ನು ಮಾತ್ರ ಮತ್ತೆ ಮಡಚಲಾಗಲಿಲ್ಲ.

ಕೀಲಿಯನ್ನು ಆಫೀಸಿನಲ್ಲಿಟ್ಟು ಹೋಗಿದ್ದೆ, ಅಲ್ಲೆಲ್ಲೋ ತಪ್ಪಿತು ಎಂದ ಲಿಯೋನೆಲ್‌ನ ಮಾತನ್ನು ಎಲ್ಲರೂ ನಂಬಿದರು. ಅದು ನಿಜವಾಗಿ ಎಲ್ಲಿತ್ತೆಂದು ಅವನು ಹೆಂಡತಿಯ ಹತ್ತಿರ ಮಾತ್ರ ಅತ್ತು ಹೇಳಿದ್ದ. ಅವಳು ಹೊಟ್ಟೆಯೊಳಗೇ ಇಟ್ಟುಕೊಂಡಳು. ಎಷ್ಟಾದರೂ ಕಟ್ಟಿಕೊಂಡ ಗಂಡನಲ್ಲವೇ!

ಆ ಬೆಳಿಗ್ಗೆ ಬೀಗದ ಮಾತಿಗೆ ಬಂದವರನ್ನು ಆಫೀಸಿನಲ್ಲಿ ಧಣಿಗಳು ನಗುನಗುತ್ತಲೇ ಕೂರಿಸಿದರು. ಡುಲ್ಸಿನ್‌ಳ ಪಕ್ಕದಲ್ಲಿ ಯೂನಿಯನ್ ಕಾರ್ಯದರ್ಶಿ ದೇಜಪ್ಪ. ಬಾಗಿಲ ಬಳಿ ಲಿಯೋನೆಲ್.

"ಒಳಗೆ ಜನ ಇರುವಾಗ ಬೀಗ ಹಾಕಬಾರದು ಧಣಿಗಳೇ," ಎಂದಳು ಡುಲ್ಸಿನ್.

"ಬೀಗದ್ದು ಎಂತ ತಪ್ಪು ಉಂಟು ಮಾರಾಯ್ತಿ? ಕೀಲಿ ಇದ್ದಿದ್ದರೆ ಆಗಲೇ ತೆರೆಯುತ್ತಿದ್ದರು, ಅಲ್ವಾ?" ಧಣಿಗಳು ಲಿಯೋನೆಲ್‌ನ ಕಡೆಗೊಮ್ಮೆ ನೋಡಿದರು. "ಆ ದಿನ ಕೀಲಿ ಯಾರ ಹತ್ತಿರ ಇತ್ತು, ನೀನೇ ಹೇಳು. ಅವನನ್ನು ಈಗಲೇ ಕೆಲಸದಿಂದ ತೆಗೆಯುತ್ತೇನೆ. ಬೀಗ ಇರಲಿ."

ಡುಲ್ಸಿನ್ ಬಾಗಿಲ ಕಡೆ ನೋಡಿದಳು. ಗೊತ್ತಿಲ್ಲ ಎಂದರೆ ಗಂಡ ಉಳಿಯುತ್ತಾನೆ, ಮನೆ ಉಳಿಯುತ್ತದೆ. ಬೀಗವೂ ಉಳಿಯುತ್ತದೆ... ದೇವರೇ, ಯಾರಿಗೂ ಬೇಡ ಇಂಥ ಗಳಿಗೆ!

"ನನ್ನ ಗಂಡನ ಹತ್ತಿರ ಇತ್ತು," ಎಂದಳು. "ಗೊತ್ತಿದ್ದೂ ಸುಮ್ಮನಿದ್ದೆ. ಲಕ್ಕವ್ವನ ಮುಖ ನೋಡಲಿಕ್ಕೆ ಆಗುವುದಿಲ್ಲ ನನಗೆ! ತೆಗೆಯಿರಿ ಅವರನ್ನು. ನಾಳೆ ಕೀಲಿ ಇನ್ನೊಬ್ಬರ ಜೇಬಿಗೆ ಹೋಗುತ್ತದೆ. ಅವರಿಗೂ ಎಂತಾದರೂ ಕೆಲಸ ಬರುತ್ತದೆ, ಅವರೂ ಎಲ್ಲಿಗಾದರೂ ಹೋಗುತ್ತಾರೆ. ಆಗ ಒಳಗಿರುವವರು ಎಂತ ಮಾಡಬೇಕು ಧಣಿಗಳೇ?"

ಲಿಯೋನೆಲ್ ಮುಂದೆ ಬಂದ. "ನಿಮ್ಮ ಮನೆಗೆ ಮೀನು ತರಲಿಕ್ಕೆ ಹೋಗಿದ್ದೆ. ಕಳುಹಿಸಿದ್ದು ನೀವೇ. ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಕೇಳಿದರೂ ಇದನ್ನೇ ಹೇಳುತ್ತೇನೆ."

ಧಣಿಗಳ ನಗು ಮಾಯವಾಯಿತು. "ಹಾಗಾದರೆ ನಾಳೆ ಇನ್ಸ್‌ಪೆಕ್ಟರನ್ನೇ ಕರೆತರುವ," ಎಂದು ದೇಜಪ್ಪ ಎದ್ದು ನಿಂತ. ಮಧ್ಯಾಹ್ನದೊಳಗೆ ಬೀಗ ಹೋಯಿತು. ಅದರ ಹಿಂದೆಯೇ ಲಿಯೋನೆಲ್‌ನ ಕೆಲಸವೂ ಹೋಯಿತು. ತಿಂಗಳೊಳಗೆ ಮನೆ ಬಿಡಬೇಕೆಂದು ಹೇಳಿಕಳುಹಿಸಿದರು.

ಎಲ್ಲವನ್ನೂ ಲಿಯೋನೆಲ್ ತಾಯಿಗೆ ಹೇಳಿದ, ಮೀನಿನ ವಿಷಯವನ್ನೂ ಬಿಡದೆ. ಸಂಜೆ ಮೂವರೂ ಯೇಸುವಿನ ಪಟವಿಟ್ಟ ಪೀಠದ ಮುಂದೆ ಮೊಣಕಾಲೂರಿ ಜಪಸರ ಮುಗಿಸಿದರು. ಆಮೇಲೆ ಹಿರಿಯರ ಮುಂದೆ ಬಾಗಿ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವುದು ಕೊಂಕಣಿ ಕ್ರೈಸ್ತರ ಮನೆಗಳ ಕ್ರಮ. ಮೊದಲು ಮಗ, ಆಮೇಲೆ ಸೊಸೆ. ಲಿಯೋನೆಲ್ ಬಾಗಿದ. ಡುಲ್ಸಿನ್ ಮೂಲೆಯಲ್ಲೇ ನಿಂತಳು, ಹತ್ತಿರ ಹೋಗುವ ಧೈರ್ಯ ಎಲ್ಲಿಂದ ಬರಬೇಕು?

"ನಿನಗೆ ಆಮೇಲೆ," ಎಂದರು ಜೆರ್ಟ್ರೂಡ್‌ಬಾಯಿ ಮಗನಿಗೆ. "ಹೆಂಡತಿಯನ್ನು ಒಳಗೆ ಬಿಟ್ಟು ಮೀನು ತರಲಿಕ್ಕೆ ಹೋದವನು... ಡುಲ್ಸಿನ್, ನೀನು ಬಾ ಮಗಳೇ."

ಡುಲ್ಸಿನ್ ಬಂದು ಬಾಗಿದಳು. ಅವಳ ಅಳು ನಿಲ್ಲುವವರೆಗೂ ಅತ್ತೆ ಅವಳ ತಲೆಯ ಮೇಲಿಂದ ಕೈ ತೆಗೆಯಲಿಲ್ಲ. ಪಕ್ಕದಲ್ಲಿ ಲಿಯೋನೆಲ್ ಬಾಗಿದವನು ಬಾಗಿಯೇ ಕಾದ.